ವಿಶ್ವದ ವಿಸ್ತಾರವೂ ದ್ರಷ್ಟಾರನ ನೆಲೆಯೂ

(ಶ್ರೀಮಠದ ಮಹೋತ್ಸವಾಂಗವಾಗಿ ಜರುಗಿದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಗೋಷ್ಠಿಯಲ್ಲಿ ಶಾಸ್ತ್ರವಿಚಾರಗಳೊಡನೆ ಆಧುನಿಕ ವಿಜ್ಞಾನದ ಒಂದು ವಿಚಾರವೂ ಬರಲೆಂದು ಸನ್ನಿಧಿಯವರು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯನ್ನು ಶಿರಸಾವಹಿಸಿ, ಪಾಶ್ಚಾತ್ಯ ವಿದ್ವಾಂಸರು "ಆಂಥ್ರೊಪಿಕ್ ಪ್ರಿನ್ಸಿಪಲ್" ಎಂದು ಕರೆಯುವ, ನಾವು "ಮಾನವತತ್ತ್ವ"ವೆಂದು ಹೇಳಬಹುದಾದ ವಿಚಾರವನ್ನು ಯಥಾಮತಿ ನಿರೂಪಿಸಲು ನಿಂತಿದ್ದೇನೆ. ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇತ್ತೀಚೆಗೆ ಪುರಾಣ ಪ್ರವಚನಗಳ ವೇದಿಕೆಗಳಲ್ಲಿಯೂ, ಭಕ್ತರ ಮನೆಮಾತಿನಲ್ಲಿಯೂ, "ಈ ವಿಶ್ವವೆಲ್ಲವೂ ಮನುಷ್ಯನಿಗಾಗಿಯೇ ನಿರ್ಮಿತವಾದುದೆಂದು ವಿಜ್ಞಾನಿಗಳೇ ಸಿದ್ಧಪಡಿಸಿದ್ದಾರೆ" ಎಂಬ ಮಾತು ಕೇಳಿಬರುತ್ತಿದೆ. ಶ್ರದ್ಧಾಳುಗಳಿಗೆ ಇದು ಕರ್ಣಾನಂದಕರವಾದುದೇ ಸರಿ. ಆದರೆ ಕಿವಿಗೆ ಹಿತವಾದ ಮಾತ್ರಕ್ಕೆ ಯಾವ ಮಾತೂ ಪ್ರಮಾಣವೆನಿಸುವುದಿಲ್ಲ. ಇಂದು ಈ ಮಾತನ್ನು ನಮ್ಮ ವೇದಿಕೆಯಿಂದ ಕೇಳಿಹೋದ ತರುಣನು ನಾಳೆ ಕಾಲೇಜಿನಲ್ಲಿ ಇದರ ನಿಜಸ್ವರೂಪವನ್ನು ಅರಿತನೆಂದರೆ, ಅದೇ ವೇದಿಕೆಯಿಂದ ಕೇಳಿದ ಉಳಿದ ಸದುಪದೇಶಗಳನ್ನೂ ಸಂಶಯಿಸತೊಡಗುವನು. ಆದಕಾರಣ ಈ ತತ್ತ್ವವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವೇಚಿಸುವುದು ನಮಗೆ ಅಗತ್ಯವಾಗಿದೆ.

ವಿಷಯಪ್ರವೇಶಕ್ಕೆ ಮುನ್ನ ತರ್ಕಶಾಸ್ತ್ರದ ಒಂದು ಭೇದವನ್ನು ಸ್ಮರಿಸಿಕೊಳ್ಳೋಣ. ಹೇತುವು ಎರಡು ವಿಧವಾದುದು. ಕಾರಕಹೇತುವೆಂದು ಒಂದು, ಜ್ಞಾಪಕಹೇತುವೆಂದು ಮತ್ತೊಂದು. ಕಾರ್ಯವನ್ನು ಉಂಟುಮಾಡುವುದು ಕಾರಕಹೇತು. ಇರುವುದನ್ನು ತಿಳಿಯಪಡಿಸುವುದು ಜ್ಞಾಪಕಹೇತು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುತ್ತೇವೆ. ನಮ್ಮ ತಿಳಿವಿಗೆ ಹೊಗೆಯೇ ಹೇತು. ಆದರೆ ಆ ಹೊಗೆಯು ಬೆಂಕಿಯನ್ನು ಹುಟ್ಟಿಸಲಿಲ್ಲ; ಬೆಂಕಿಯೇ ಹೊಗೆಯನ್ನು ಹುಟ್ಟಿಸಿತು. ಅರಿವಿನ ದಾರಿಯು ಹೊಗೆಯಿಂದ ಬೆಂಕಿಯ ಕಡೆಗೆ ಹೋಗುತ್ತದೆ, ಉತ್ಪತ್ತಿಯ ದಾರಿಯು ಬೆಂಕಿಯಿಂದ ಹೊಗೆಯ ಕಡೆಗೆ ಬರುತ್ತದೆ. ಈ ಎರಡು ದಾರಿಗಳನ್ನು ಒಂದೆಂದು ಬಗೆದವನಿಗೆ ಹೊಗೆಯೇ ಬೆಂಕಿಯ ತಾಯಿಯಾಗಿ ತೋರುವುದು. ಮಾನವತತ್ತ್ವದ ವಿಷಯದಲ್ಲಿ ನಡೆದಿರುವ ಗೊಂದಲವೆಲ್ಲವೂ ಇದೇ ಜಾತಿಯದೆಂಬುದನ್ನು ಮುಂದೆ ತೋರಿಸುವೆನು.

ಈ ತತ್ತ್ವವು ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಯೂರೋಪು ಖಂಡದ ಪೋಲೆಂಡ್ ದೇಶಕ್ಕೆ ಹೋಗಬೇಕು. ಅಲ್ಲಿ ೧೪೭೩ರಲ್ಲಿ ಜನಿಸಿದ ಕೊಪರ್ನಿಕಸನು, ಭೂಮಿಯೇ ಕೇಂದ್ರವೆಂಬ ಬಹುಕಾಲದ ನಂಬಿಕೆಯನ್ನು ೧೫೪೩ರಲ್ಲಿ ಪ್ರಕಟವಾದ ತನ್ನ ಗ್ರಂಥದಿಂದ ಕದಲಿಸಿದನು. ಭೂಮಿಯು ಸೂರ್ಯನನ್ನು ಸುತ್ತುವ ಗ್ರಹಗಳಲ್ಲಿ ಒಂದಾಯಿತು. ಬಳಿಕ ಸೂರ್ಯನೂ ಸಾಮಾನ್ಯ ನಕ್ಷತ್ರಗಳಲ್ಲಿ ಒಂದೆಂದು ತಿಳಿದುಬಂದಿತು. ೧೯೧೮ರ ಸುಮಾರಿಗೆ ಅಮೆರಿಕದ ಶಾಪ್ಲೆ ಎಂಬ ಜ್ಯೋತಿರ್ವಿದನು, ಸೂರ್ಯನು ನಮ್ಮ ಆಕಾಶಗಂಗೆಯ ಮಧ್ಯದಲ್ಲಿಲ್ಲ, ಬಹುದೂರ ಸರಿದಿರುವನು ಎಂದು ತೋರಿಸಿದನು. ಆ ದೂರವು ಸುಮಾರು ೨೬ ಸಾವಿರ ಜ್ಯೋತಿರ್ವರ್ಷಗಳೆಂದು ಇಂದಿನ ಎಣಿಕೆ. ಈ ಕ್ರಮದಲ್ಲಿ "ನಮ್ಮ ನೆಲೆಯಲ್ಲಿ ಯಾವ ವಿಶೇಷವೂ ಇಲ್ಲ" ಎಂಬುದೇ ಒಂದು ಸಿದ್ಧಾಂತವಾಗಿ ನಿಂತಿತು.

ಸಿದ್ಧಾಂತವು ಅತಿಯಾದರೆ ದೋಷಕ್ಕೆಡೆಯಾಗುತ್ತದೆ. ೧೯೪೮ರಲ್ಲಿ ಬಾಂಡಿ, ಗೋಲ್ಡ್, ಹಾಯ್ಲ್ ಎಂಬ ಮೂವರು ವಿದ್ವಾಂಸರು, ವಿಶ್ವವು ಎಲ್ಲ ಎಡೆಗಳಲ್ಲಿ ಮಾತ್ರವೇ ಅಲ್ಲದೆ ಎಲ್ಲ ಕಾಲಗಳಲ್ಲಿಯೂ ಒಂದೇ ತೆರನಾಗಿರಬೇಕೆಂದು ವಾದಿಸಿದರು. ದೇಶದಲ್ಲಿ ನಮಗೆ ವಿಶೇಷವಿಲ್ಲದಂತೆ ಕಾಲದಲ್ಲಿಯೂ ವಿಶೇಷವಿರಕೂಡದೆಂಬುದು ಅವರ ಅಭಿಪ್ರಾಯ. ಆದರೆ ೧೯೬೫ರಲ್ಲಿ ಪೆಂಜಿಯಾಸ್, ವಿಲ್ಸನ್ ಎಂಬಿಬ್ಬರು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತಿರುವ ಒಂದು ಕ್ಷೀಣವಾದ ವಿಕಿರಣವನ್ನು ಕಂಡುಹಿಡಿದ ವಾರ್ತೆ ಪ್ರಕಟವಾಯಿತು. ವಿಶ್ವವು ಒಂದು ಕಾಲದಲ್ಲಿ ಅತ್ಯಂತ ಉಷ್ಣವೂ ಸಾಂದ್ರವೂ ಆಗಿದ್ದುದಕ್ಕೆ ಅದು ಕುರುಹಾಯಿತು. ವಿಶ್ವಕ್ಕೂ ಬಾಲ್ಯವುಂಟು, ವಯಸ್ಸುಂಟು ಎಂದು ಇದರಿಂದ ತಿಳಿದುಬಂದಿತು. ಆ ವಯಸ್ಸು ಸುಮಾರು ೧೩೮೦ ಕೋಟಿ ವರ್ಷಗಳೆಂದು ಈಗ ಲೆಕ್ಕಹಾಕಿದ್ದಾರೆ.

ಕೊಪರ್ನಿಕಸನ ಐದುನೂರನೆಯ ಜಯಂತಿಯ ನಿಮಿತ್ತ ೧೯೭೩ರಲ್ಲಿ, ಆತನು ವ್ಯಾಸಂಗ ಮಾಡಿದ ಕ್ರಾಕೋ ನಗರದಲ್ಲಿ ಜ್ಯೋತಿರ್ವಿದರ ಸಭೆ ನೆರೆಯಿತು. ಅಲ್ಲಿ ಕೇಂಬ್ರಿಜ್ಜಿನ ಬ್ರಾಂಡನ್ ಕಾರ್ಟರ್ ಎಂಬ ವಿದ್ವಾಂಸನು ಒಂದು ಪ್ರಬಂಧವನ್ನು ಮಂಡಿಸಿದನು. ನಮ್ಮ ನೆಲೆಯು ಕೇಂದ್ರವಲ್ಲವೆಂಬುದು ಒಪ್ಪತಕ್ಕುದೇ. ಆದರೂ ಅದರಲ್ಲಿ ಒಂದಿಷ್ಟು ವಿಶೇಷವಿದ್ದೇ ತೀರಬೇಕು. ಏಕೆಂದರೆ ನೋಡುವವನು ಇರಲು ಸಾಧ್ಯವಾದ ದೇಶಕಾಲಗಳಲ್ಲಿ ಮಾತ್ರವೇ ನಾವು ಇರಬಲ್ಲೆವು. ಇದು ಆತನ ವಾದದ ಸಾರ. ಕೊಪರ್ನಿಕಸನನ್ನು ಗೌರವಿಸಲು ನೆರೆದ ಸಭೆಯಲ್ಲಿಯೇ, ಆತನ ಹೆಸರಿನಲ್ಲಿ ನಡೆದ ಅತಿರೇಕವನ್ನು ತಿದ್ದಿದ ಮಾತಿದು. ಈ ವಿಚಾರಕ್ಕೆ "ಆಂಥ್ರೊಪಿಕ್" ಎಂಬ ಹೆಸರನ್ನಿಟ್ಟವನು ಕಾರ್ಟರನೇ. ಇದರಲ್ಲಿ ದುರ್ಬಲಪಕ್ಷ, ಪ್ರಬಲಪಕ್ಷ ಎಂಬ ಎರಡು ಬಗೆಗಳನ್ನೂ ಆತನು ಹೇಳಿದನು.

ಮೊದಲು ದುರ್ಬಲಪಕ್ಷವನ್ನು ನೋಡೋಣ. ಹೆಸರು ದುರ್ಬಲವಾದರೂ ವಾದವು ಬಲವಾದುದು. ಇದಕ್ಕೆ ಉತ್ತಮ ನಿದರ್ಶನವು ಕಾರ್ಟರನಿಗಿಂತ ಮುಂಚೆಯೇ ದೊರೆತಿತ್ತು. ಎಲೆಕ್ಟ್ರಾನು ಪ್ರೋಟಾನುಗಳ ನಡುವೆ ಇರುವ ವಿದ್ಯುದಾಕರ್ಷಣವು ಗುರುತ್ವಾಕರ್ಷಣಕ್ಕಿಂತ ಎಷ್ಟು ಪಟ್ಟು ದೊಡ್ಡದೆಂದು ಕೇಳಿದರೆ, ಒಂದರ ಮುಂದೆ ೩೯ ಸೊನ್ನೆಗಳನ್ನು ಬರೆದಷ್ಟು ದೊಡ್ಡ ಸಂಖ್ಯೆ ಬರುತ್ತದೆ. ವಿಶ್ವದ ವಯಸ್ಸನ್ನು ಪರಮಾಣುಗಳ ಅತ್ಯಲ್ಪ ಕಾಲಮಾನದಿಂದ ಅಳೆದರೂ ಹೆಚ್ಚುಕಡಮೆ ಅದೇ ಪ್ರಮಾಣದ ಸಂಖ್ಯೆ ಬರುತ್ತದೆ. ಇಂಗ್ಲೆಂಡಿನ ಡಿರಾಕ್ ಮಹಾಶಯನು ೧೯೩೭ರಲ್ಲಿ ಇದನ್ನು ಎತ್ತಿ ಹೇಳಿ, ಇಂತಹ ಸಾಮ್ಯವು ಆಕಸ್ಮಿಕವಾಗಿರಲಾರದು, ವಿಶ್ವಕ್ಕೆ ವಯಸ್ಸಾದಂತೆಲ್ಲ ಗುರುತ್ವಾಕರ್ಷಣವೂ ಕುಗ್ಗುತ್ತಿರಬೇಕು ಎಂದು ಊಹಿಸಿದನು.

೧೯೬೧ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಡಿಕಿ ಎಂಬಾತನು ಬೇರೊಂದು ಸಮಾಧಾನವನ್ನು ಕೊಟ್ಟನು. ಅದೆಂತೆಂದರೆ: ಈ ಪ್ರಶ್ನೆಯನ್ನು ಕೇಳಲು ಭೌತಶಾಸ್ತ್ರಜ್ಞನೊಬ್ಬನು ಇರಬೇಕು. ಅವನ ಶರೀರಕ್ಕೆ ಇಂಗಾಲವೇ ಮೊದಲಾದ ಧಾತುಗಳು ಬೇಕು. ಆದಿಯಲ್ಲಿ ಜಲಜನಕ, ಹೀಲಿಯಂಗಳ ಹೊರತು ಬೇರೆ ಧಾತುಗಳು ಇಲ್ಲವೆನ್ನುವಷ್ಟು ಅಲ್ಪವಾಗಿದ್ದುವು. ನಕ್ಷತ್ರಗಳು ಹುಟ್ಟಿ, ಉರಿದು, ತಮ್ಮ ಗರ್ಭದಲ್ಲಿ ಇಂಗಾಲವನ್ನು ಪಾಕಮಾಡಿ, ಆಯುಷ್ಯ ತೀರಿದಾಗ ಅದನ್ನು ಆಕಾಶದಲ್ಲಿ ಚೆಲ್ಲಿದ ಬಳಿಕವೇ ಶರೀರಕ್ಕೆ ಸಾಮಗ್ರಿ ಒದಗಿತು. ಅದಕ್ಕಿಂತ ಮುಂಚೆ ಕೇಳುವವನಿಲ್ಲ. ಇನ್ನು ನಕ್ಷತ್ರಗಳೆಲ್ಲವೂ ನಂದಿಹೋದ ಮೇಲೆ ಬೆಳಕೂ ಬಿಸಿಯೂ ಇಲ್ಲದುದರಿಂದ ಆಗಲೂ ಕೇಳುವವನಿರನು. ಆದಕಾರಣ ಪ್ರಶ್ನೆ ಕೇಳುವ ಕಾಲವು ನಕ್ಷತ್ರಗಳ ಆಯುಷ್ಯಕ್ಕೆ ಸಮೀಪವಾದ ಕಾಲವೇ ಆಗಿರತಕ್ಕುದು. ನಕ್ಷತ್ರಗಳ ಆಯುಷ್ಯವಾದರೋ ಆ ಎರಡು ಆಕರ್ಷಣಗಳ ಬಲಾಬಲದಿಂದಲೇ ನಿಶ್ಚಿತವಾಗುತ್ತದೆ. ಹೀಗಿರಲಾಗಿ ಆ ಎರಡು ಸಂಖ್ಯೆಗಳು ಒಂದೇ ಪ್ರಮಾಣದಲ್ಲಿ ಕಂಡುದು ಸಹಜವೇ ಆಯಿತು; ಗುರುತ್ವಾಕರ್ಷಣವು ಕುಗ್ಗುತ್ತಿದೆಯೆಂದು ಊಹಿಸುವ ಅಗತ್ಯವೇ ಉಳಿಯಲಿಲ್ಲ.

ಇದರಿಂದ ಇನ್ನೊಂದು ಸಂಶಯವೂ ಪರಿಹಾರವಾಗುತ್ತದೆ. "ಇಷ್ಟು ವಿಸ್ತಾರವಾದ ಬ್ರಹ್ಮಾಂಡದಲ್ಲಿ ಈ ಧೂಳಿಕಣದಂತಹ ಭೂಮಿಯ ಮೇಲಿನ ಮನುಷ್ಯನಿಗೆ ಏನು ಬೆಲೆ?" ಎಂದು ಅನೇಕರು ಮನಗುಂದುವುದುಂಟು. ಆದರೆ ವಿಶ್ವವು ಹಿಗ್ಗುತ್ತಿರುವುದೆಂಬುದು ಸಿದ್ಧವಾದ ವಿಷಯ. ಇಂಗಾಲದ ಪಾಕಕ್ಕೂ, ಆ ಬಳಿಕ ಸುಮಾರು ೪೬೦ ಕೋಟಿ ವರ್ಷಗಳ ಹಿಂದೆ ಸೂರ್ಯನೂ ಭೂಮಿಯೂ ಉಂಟಾಗಿ ಜೀವವಿಕಾಸ ನಡೆಯುವುದಕ್ಕೂ ನೂರಾರು ಕೋಟಿ ವರ್ಷಗಳು ಬೇಕಾದುವು. ಅಷ್ಟು ಕಾಲ ಹಿಗ್ಗಿದ ವಿಶ್ವವು ಇಷ್ಟು ದೊಡ್ಡದಾಗಿಯೇ ಇರಬೇಕು. ಕಿರಿದಾದ ವಿಶ್ವವು ಎಳೆಯ ವಿಶ್ವವಾಗಿರುತ್ತಿತ್ತು. ಅದನ್ನು ನೋಡಲು ಯಾರೂ ಇರುತ್ತಿರಲಿಲ್ಲ. ಆದುದರಿಂದ ಈ ವಿಸ್ತಾರವನ್ನು ಕಂಡು ನಾವು ಕುಗ್ಗಬೇಕಾದುದಿಲ್ಲ.

ಈ ವಾದದ ಮರ್ಮವನ್ನು ನಮಗೆ ಪರಿಚಿತವಾದ ಓಲೆಯ ಕಟ್ಟುಗಳಿಂದಲೇ ತಿಳಿಯಬಹುದು. ಮಠದ ಭಂಡಾರಗಳಲ್ಲಿ ಇಂದು ನಾವು ಓದುವ ತಾಡವೋಲೆಗಳನ್ನು ಪರೀಕ್ಷಿಸಿದ ವಿದ್ಯಾರ್ಥಿಯೊಬ್ಬನು, "ಪೂರ್ವಿಕರು ರಚಿಸಿದ ಗ್ರಂಥಗಳೆಲ್ಲವನ್ನೂ ತಪ್ಪದೆ ಪ್ರತಿಮಾಡಿಸಿ ಕಾಪಾಡುತ್ತಿದ್ದರು; ಏಕೆಂದರೆ ನಾನು ಕಂಡ ಗ್ರಂಥಗಳೆಲ್ಲವೂ ಹಾಗೆ ಕಾಪಾಡಲ್ಪಟ್ಟಿವೆ" ಎಂದು ನಿರ್ಣಯಿಸಿದರೆ ನಾವು ನಗುವೆವು. ಗೆದ್ದಲು ತಿಂದ, ಮಳೆಯಲ್ಲಿ ನೆನೆದು ಕೊಳೆತ, ಮರುಪ್ರತಿಯಾಗದೆ ಹೋದ ಓಲೆಗಳು ಅವನ ಕೈಗೆ ಬರುವುದೆಂತು? ಉಳಿದುದೇ ಅವನ ಕಣ್ಣಿಗೆ ಬಿದ್ದಿತು. ತನಗೆ ಕಾಣುವ ವಸ್ತುಗಳು ಯಾವ ಜರಡಿಯ ಮೂಲಕ ಹಾದುಬಂದಿವೆಯೆಂದು ಅವನು ಮೊದಲು ವಿಚಾರಿಸಬೇಕಾಗಿತ್ತು. ಮಾನವತತ್ತ್ವದ ದುರ್ಬಲಪಕ್ಷವು ವಿಜ್ಞಾನಿಗೆ ಬೋಧಿಸುವ ಎಚ್ಚರವೂ ಇದೇ. ನೋಡುವವನ ಇರವೇ ಒಂದು ಜರಡಿ. ಆ ಜರಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಟದಿಂದ ನಿಯಮವನ್ನು ಕಟ್ಟಬಾರದು. ಇಲ್ಲಿ ನಮ್ಮ ಇರವು ಜ್ಞಾಪಕಹೇತುವೇ ಹೊರತು ಕಾರಕಹೇತುವಲ್ಲ. ನಾವು ಇದ್ದೇವೆಂಬುದರಿಂದ ವಿಶ್ವದ ವಯಸ್ಸು ಇಷ್ಟಿರಬೇಕೆಂದು ತಿಳಿಯುತ್ತೇವೆ. ನಾವು ಇರಬೇಕೆಂಬುದಕ್ಕಾಗಿ ವಿಶ್ವಕ್ಕೆ ಇಷ್ಟು ವಯಸ್ಸಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ.

ಈಗ ಇಂಗಾಲದ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಪ್ರವಚನಗಳಲ್ಲಿ ಹೆಚ್ಚಾಗಿ ಉದಾಹರಿಸುವುದು ಇದನ್ನೇ. ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೧೮ ಪಾಲು ಇಂಗಾಲವಿದೆ. ಈ ಇಂಗಾಲವು ನಕ್ಷತ್ರಗರ್ಭದಲ್ಲಿ ಮೂರು ಹೀಲಿಯಂ ಬೀಜಗಳು ಕೂಡಿ ಆದುದು. ಮೊದಲು ಎರಡು ಕೂಡಿ ಬೆರಿಲಿಯಂ ಆಗುತ್ತದೆ. ಆದರೆ ಆ ಬೆರಿಲಿಯಂ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಮೆ ಕಾಲದಲ್ಲಿ ಒಡೆದುಹೋಗುತ್ತದೆ. ಅಷ್ಟರೊಳಗೆ ಮೂರನೆಯದು ಬಂದು ಸೇರಬೇಕು. ಹೀಗೆ ಸೇರುವುದು ಅತಿ ವಿರಳವಾದುದರಿಂದ ಲೋಕದಲ್ಲಿ ಇಷ್ಟೊಂದು ಇಂಗಾಲವಿರುವುದು ಆಶ್ಚರ್ಯವೇ ಆಗಿತ್ತು. ೧೯೫೩ರಲ್ಲಿ ಮೇಲೆ ಹೇಳಿದ ಹಾಯ್ಲನು ಅಮೆರಿಕದ ಕ್ಯಾಲ್ಟೆಕ್ ವಿದ್ಯಾಲಯಕ್ಕೆ ಹೋಗಿದ್ದಾಗ, ಇಂಗಾಲದ ಬೀಜಕ್ಕೆ ಸುಮಾರು ೭೬ ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳ ಮಟ್ಟದಲ್ಲಿ ಒಂದು ಶಕ್ತಿಸ್ತರವು ಇದ್ದೇ ಇರಬೇಕು, ಆಗ ಮಾತ್ರವೇ ಈ ಸಂಯೋಗವು ತ್ವರಿತವಾಗಿ ನಡೆದೀತು ಎಂದು ವಾದಿಸಿದನು. ಅಲ್ಲಿಯ ಪ್ರಯೋಗಶಾಲೆಯಲ್ಲಿ ವೇಲಿಂಗ್ ಮತ್ತು ಅವನ ಸಹಾಯಕರು ಪರೀಕ್ಷಿಸಲಾಗಿ ಆ ಸ್ತರವು ದೊರೆಯಿತು. ಇನ್ನೂ ಒಂದು ಸಂಗತಿ: ಆಮ್ಲಜನಕದ ಬೀಜದಲ್ಲಿ ಇಂತಹ ಒಂದು ಸ್ತರವು ಬೇಕಾದ ಮಟ್ಟಕ್ಕಿಂತ ತುಸುವೇ ಕೆಳಗಿದೆ. ಅದು ಮೇಲಿದ್ದಿದ್ದರೆ ಇಂಗಾಲದ ಬಹುಭಾಗವು ಆಮ್ಲಜನಕವಾಗಿ ಮಾರ್ಪಟ್ಟುಹೋಗುತ್ತಿತ್ತು.

ಕೇಳಿದವರ ಮೈ ಪುಲಕಿತವಾಗುವ ಕಥೆಯಿದು. ಆದರೂ ಹಾಯ್ಲನು ಅಂದು ಹೊರಟದ್ದು ಎಲ್ಲಿಂದ? ಲೋಕದಲ್ಲಿ ಇಂಗಾಲವು ಇಷ್ಟು ಪ್ರಮಾಣದಲ್ಲಿ ಇದೆಯೆಂಬ ಸಂಗತಿಯಿಂದ. ಆ ಇಂಗಾಲದಿಂದ ಜೀವಿಗಳಾದುವೆಂಬುದನ್ನು ಅವನು ಅಂದು ಹೇತುವನ್ನಾಗಿ ಹಿಡಿಯಲಿಲ್ಲ. ಜೀವದ ಮಾತು ಈ ಕಥೆಗೆ ಸೇರಿದ್ದು ತರುವಾಯ. ಇದು ಇಂಗಾಲವೆಂಬ ಹೊಗೆಯನ್ನು ಕಂಡು ಶಕ್ತಿಸ್ತರವೆಂಬ ಬೆಂಕಿಯನ್ನು ಊಹಿಸಿದ ಶುದ್ಧವಾದ ಅನುಮಾನ. ಇದರಲ್ಲಿಯೂ ಜ್ಞಾಪಕಹೇತುವೇ ಕೆಲಸ ಮಾಡಿತು.

ಇನ್ನು ಪ್ರಬಲಪಕ್ಷ. ವಿಶ್ವದೊಳಗೆ ನಮ್ಮ ದೇಶಕಾಲಗಳನ್ನು ಮಾತ್ರವೇ ಅಲ್ಲದೆ, ವಿಶ್ವದ ಮೂಲಮಾನಗಳನ್ನೇ ಇದು ವಿಚಾರಕ್ಕೆ ತೆಗೆದುಕೊಳ್ಳುತ್ತದೆ. ಆಕರ್ಷಣಗಳ ಬಲ, ಕಣಗಳ ಭಾರ ಮುಂತಾದ ಮಾನಗಳು ಹೀಗೆಯೇ ಏಕಿವೆ? ಇವುಗಳಲ್ಲಿ ಕೆಲವು ಸ್ವಲ್ಪ ಹೆಚ್ಚುಕಡಮೆಯಾಗಿದ್ದರೂ ನಕ್ಷತ್ರಗಳಾಗಲಿ ಧಾತುಗಳಾಗಲಿ ಇಂದಿನಂತೆ ಇರುತ್ತಿರಲಿಲ್ಲ. ದ್ರಷ್ಟಾರನು ಯಾವುದೋ ಒಂದು ಹಂತದಲ್ಲಿ ಉಂಟಾಗಲು ಅವಕಾಶವಿರುವಂತೆ ವಿಶ್ವವು ಇರಲೇಬೇಕೆಂಬುದು ಕಾರ್ಟರನ ವಾಕ್ಯದ ತಾತ್ಪರ್ಯ. ಈ "ಬೇಕು" ಎಂಬ ಪದದಲ್ಲಿಯೇ ವಿವಾದದ ಬೀಜವಿದೆ. "ದ್ರಷ್ಟಾರನಿದ್ದಾನೆ, ಆದುದರಿಂದ ಮಾನಗಳು ಇಂತಹವೇ ಆಗಿರಬೇಕು" ಎಂದರೆ ಅದು ಅನುಮಾನ. "ದ್ರಷ್ಟಾರನು ಬರಲೆಂದು ಮಾನಗಳು ಇಂತಹವಾದುವು" ಎಂದರೆ ಅದು ಉದ್ದೇಶದ ಪ್ರತಿಜ್ಞೆ. ೧೯೮೬ರಲ್ಲಿ ಬ್ಯಾರೊ, ಟಿಪ್ಲರ್ ಎಂಬಿಬ್ಬರು ಈ ವಿಷಯದ ಮೇಲೆ ಮಹಾಗ್ರಂಥವೊಂದನ್ನು ಪ್ರಕಟಿಸಿದ ಬಳಿಕ ಎರಡನೆಯ ಅರ್ಥವೇ ಜನಸಾಮಾನ್ಯರಲ್ಲಿ ಹಬ್ಬಿತು.

ಮೊದಲನೆಯ ಅರ್ಥದಲ್ಲಿ ಫಲವುಂಟೆಂಬುದಕ್ಕೆ ಒಂದು ಸಾಕ್ಷಿ ಹೇಳುವೆನು. ಶೂನ್ಯಾಕಾಶಕ್ಕೂ ಒಂದು ಶಕ್ತಿಯಿದ್ದು ಅದು ವಿಶ್ವವನ್ನು ಹಿಗ್ಗಿಸುವುದೆಂಬ ವಿಚಾರವು ೧೯೧೭ರಲ್ಲಿ ಐನ್‌ಸ್ಟೈನನು ತನ್ನ ಸಮೀಕರಣದಲ್ಲಿ ಸೇರಿಸಿದ ಒಂದು ಪದದೊಡನೆ ಸಂಬಂಧಿಸಿದೆ. ಕಣಶಾಸ್ತ್ರದ ಸ್ಥೂಲವಾದ ಲೆಕ್ಕದಂತೆ ಆ ಶಕ್ತಿಯು ಕಂಡುದಕ್ಕಿಂತ ಒಂದರ ಮುಂದೆ ಸುಮಾರು ೧೨೦ ಸೊನ್ನೆಗಳಷ್ಟು ಪಟ್ಟು ದೊಡ್ಡದಾಗಿರಬೇಕಾಗಿತ್ತು. ೧೯೮೭ರಲ್ಲಿ ಸ್ಟೀವನ್ ವೈನ್‌ಬರ್ಗನು, ಆ ಶಕ್ತಿ ಒಂದು ಮಿತಿಯನ್ನು ಮೀರಿದ್ದರೆ ದ್ರವ್ಯವು ಒಂದೆಡೆ ಕೂಡಿ ನಕ್ಷತ್ರಮಂಡಲಗಳು ಆಗುತ್ತಲೇ ಇರಲಿಲ್ಲ, ಆದುದರಿಂದ ನಾವು ಕಾಣತಕ್ಕ ಬೆಲೆಯು ಆ ಮಿತಿಯೊಳಗೇ ಇರಬೇಕು, ಸಂಪೂರ್ಣ ಸೊನ್ನೆಯಾಗಿರಬೇಕೆಂಬ ನಿರ್ಬಂಧವಿಲ್ಲ ಎಂದು ಗಣಿಸಿದನು. ೧೯೯೮ರಲ್ಲಿ ಎರಡು ತಂಡಗಳವರು ದೂರದ ಸ್ಫೋಟತಾರೆಗಳನ್ನು ಅಳೆದು, ವಿಶ್ವದ ಹಿಗ್ಗುವಿಕೆ ತ್ವರಿತವಾಗುತ್ತಿದೆಯೆಂದು ಕಂಡರು. ಇದಕ್ಕೆ ೨೦೧೧ರ ನೊಬೆಲ್ ಪಾರಿತೋಷಕವು ಪರ್ಲ್‌ಮಟರ್, ಶ್ಮಿಟ್, ರೀಸ್ ಎಂಬ ಮೂವರಿಗೆ ದೊರೆಯಿತು. ಈ ಅಳತೆಯಿಂದ ತಿಳಿದ ಶಕ್ತಿಯು ಸೊನ್ನೆಯಲ್ಲ. ದ್ರವ್ಯದ ಸರಾಸರಿ ಸಾಂದ್ರತೆಯ ಎರಡು ಪಟ್ಟಿಗಿಂತ ತುಸು ಹೆಚ್ಚು. ಅದು ಆ ಮಿತಿಯೊಳಗೇ ಇದೆ.

ಆದರೆ ವೈನ್‌ಬರ್ಗನ ವಾದವು ಪೂರ್ಣವಾಗಬೇಕಾದರೆ, ಬೇರೆಬೇರೆ ಬೆಲೆಗಳುಳ್ಳ ಅನೇಕ ವಿಶ್ವಗಳೋ, ವಿಶ್ವಖಂಡಗಳೋ ಇರಬೇಕು. ಅವುಗಳಲ್ಲಿ ದ್ರಷ್ಟಾರನಿಗೆ ಅನುಕೂಲವಾದುದನ್ನೇ ದ್ರಷ್ಟಾರನು ಕಾಣುವನು. ಅನೇಕ ಓಲೆಗಳಿದ್ದರೆ ತಾನೆ ಉಳಿದ ಓಲೆಯ ಮಾತು! ೧೯೮೦ರ ದಶಕದಲ್ಲಿ ಲಿಂಡೆ, ವಿಲೆಂಕಿನ್ ಮುಂತಾದವರು ಅನೇಕ ವಿಶ್ವಗಳು ಉದ್ಭವಿಸುವ ಬಗೆಯನ್ನು ಪ್ರತಿಪಾದಿಸಿದರು. ಆದರೆ ಬೇರೆ ವಿಶ್ವಗಳನ್ನು ಯಾರೂ ಕಂಡಿಲ್ಲ. ಕಾಣುವ ಉಪಾಯವೂ ಸಿದ್ಧವಾಗಿಲ್ಲ. ಪರೀಕ್ಷೆಗೆ ಸಿಲುಕದುದು ವಿಜ್ಞಾನವೇ ಅಲ್ಲವೆಂದು ಅನೇಕ ವಿಜ್ಞಾನಿಗಳು ಆಕ್ಷೇಪಿಸುತ್ತಾರೆ. ಇನ್ನು ಕೆಲವರು, ಈ ಮಾನಗಳನ್ನೆಲ್ಲ ತಾನಾಗಿಯೇ ನಿಶ್ಚಯಿಸುವ ಮೂಲನಿಯಮವೊಂದು ಮುಂದೆ ದೊರಕಬಹುದೆಂದು ಕಾಯುತ್ತಿದ್ದಾರೆ. ಮತ್ತೆ ಕೆಲವರು ಬುದ್ಧಿಪೂರ್ವಕನಾದ ಕರ್ತೃವನ್ನು ಹೇಳುತ್ತಾರೆ. ಈ ಮೂರು ಪಕ್ಷಗಳಲ್ಲಿ ಯಾವುದೂ ವಿಜ್ಞಾನದಲ್ಲಿ ಇದುವರೆಗೆ ಸಿದ್ಧಾಂತವಾಗಿ ನಿಂತಿಲ್ಲವೆಂಬುದು ಇಂದಿನ ನಿಜಸ್ಥಿತಿ.

ಇಲ್ಲಿ ಪೂರ್ವಪಕ್ಷಿಯು ಎದ್ದು ಕೇಳಬಹುದು: "ನಾವು ಇಲ್ಲದಿದ್ದರೆ ಕೇಳುತ್ತಲೇ ಇರಲಿಲ್ಲವೆಂದು ಹೇಳಿ ಆಶ್ಚರ್ಯವನ್ನೇ ಅಳಿಸಿಬಿಡುವುದು ನ್ಯಾಯವೇ?" ಇದು ಬಲವಾದ ಆಕ್ಷೇಪ. ಕೆನಡಾದಲ್ಲಿ ಅಧ್ಯಾಪಕನಾಗಿದ್ದ ಜಾನ್ ಲೆಸ್ಲಿಯೆಂಬ ದಾರ್ಶನಿಕನು ೧೯೮೯ರ ತನ್ನ ಗ್ರಂಥದಲ್ಲಿ ಇದಕ್ಕೊಂದು ದೃಷ್ಟಾಂತ ಕೊಟ್ಟಿದ್ದಾನೆ. ಮರಣದಂಡನೆಗೆ ಗುರಿಯಾದವನ ಮೇಲೆ ನುರಿತ ಬಂದೂಕುಗಾರರು ಅನೇಕರು ಒಮ್ಮೆಗೇ ಗುಂಡುಹಾರಿಸಿ, ಎಲ್ಲರೂ ಗುರಿತಪ್ಪಿದರೆಂದಿಟ್ಟುಕೊಳ್ಳಿರಿ. ಬದುಕಿದವನು "ತಪ್ಪದಿದ್ದರೆ ನಾನು ಯೋಚಿಸಲು ಇರುತ್ತಿರಲಿಲ್ಲ" ಎಂದು ಸುಮ್ಮನಾಗುವನೇ? ಕಾರಣವನ್ನು ಹುಡುಕಿಯೇ ಹುಡುಕುವನು. ಈ ಆಕ್ಷೇಪವನ್ನು ನಾವು ಒಪ್ಪತಕ್ಕುದೇ. ಜ್ಞಾಪಕಹೇತುವು ದೊರೆತ ಮಾತ್ರಕ್ಕೆ ಕಾರಕಹೇತುವಿನ ಪ್ರಶ್ನೆ ತೀರಿತೆಂದು ಹೇಳಲಾಗದು. ಆದರೆ ಪ್ರಶ್ನೆಯು ಉಳಿದಿದೆಯೆಂಬುದೇ ಉತ್ತರವಾಗುವುದಿಲ್ಲ. ಬದುಕಿದವನು ಕಾರಣವನ್ನು ಹುಡುಕಬೇಕು. ಹುಡುಕುವ ಮೊದಲೇ ತನಗೆ ಪ್ರಿಯವಾದ ಕಾರಣವನ್ನು ಸಾರಿಬಿಡಬಾರದು.

"ಹಾಗಾದರೆ ಮಠದಲ್ಲಿದ್ದುಕೊಂಡು ನಾಸ್ತಿಕರಿಗೆ ನೆರವಾದಂತಾಗಲಿಲ್ಲವೇ?" ಎಂದು ಕೆಲವು ಭಕ್ತರು ನೊಂದುಕೊಳ್ಳಬಹುದು. ಹಾಗೆ ತಿಳಿಯಬಾರದು. ಮಾನವತತ್ತ್ವದಿಂದ ಕರ್ತೃವಿನ ಅಸ್ತಿತ್ವವು ಸಿದ್ಧವಾಗದಂತೆಯೇ ಅಭಾವವೂ ಸಿದ್ಧವಾಗುವುದಿಲ್ಲ. ಇದನ್ನೇ ಹಿಡಿದು "ಕರ್ತೃವಿಲ್ಲ" ಎನ್ನುವವನೂ ಅದೇ ಹೇತುದೋಷಕ್ಕೆ ಒಳಗಾಗುವನು. ನಮ್ಮ ಶ್ರದ್ಧೆಗೆ ಇದನ್ನು ಊರುಗೋಲಾಗಿ ಕೊಡುವುದರಲ್ಲಿ ಅಪಾಯವಿದೆಯೆಂಬುದನ್ನು ಒಂದು ಪೂರ್ವೇತಿಹಾಸವು ತೋರಿಸುತ್ತದೆ. ಡಾರ್ವಿನನೊಡನೆ ಜೀವವಿಕಾಸದ ತತ್ತ್ವವನ್ನು ಕಂಡ ಆಲ್ಫ್ರೆಡ್ ರಸೆಲ್ ವಾಲೇಸ್ ಮಹಾಶಯನು ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ೧೯೦೩ರಲ್ಲಿ, ವಿಶ್ವದಲ್ಲಿ ಮನುಷ್ಯನ ಸ್ಥಾನವನ್ನು ಕುರಿತು ಗ್ರಂಥವೊಂದನ್ನು ಬರೆದನು. ಸೂರ್ಯನು ನಕ್ಷತ್ರಸಮೂಹದ ಮಧ್ಯಭಾಗದ ಸಮೀಪದಲ್ಲಿದ್ದಾನೆಂಬುದು ಆ ಕಾಲದ ಜ್ಯೋತಿಶ್ಶಾಸ್ತ್ರದ ಮತ. ಅದನ್ನಾಧರಿಸಿ, ಈ ವಿಶೇಷಸ್ಥಾನವು ಮನುಷ್ಯನ ಮಹತ್ತ್ವಕ್ಕೆ ಸಾಕ್ಷಿಯೆಂದು ಆತನು ವಾದಿಸಿದನು. ಹದಿನೈದು ವರ್ಷಗಳಲ್ಲಿ ಶಾಪ್ಲೆಯು ಸೂರ್ಯನನ್ನು ಮಧ್ಯದಿಂದ ಸರಿಸಿದನು. ಆ ಸಾಕ್ಷಿಯೂ ಅದರೊಡನೆಯೇ ಸರಿದುಹೋಯಿತು. ವಾಲೇಸನು ಅಲ್ಪಜ್ಞನಾಗಿರಲಿಲ್ಲ. ಬದಲಾಗುವ ಸ್ವಭಾವವುಳ್ಳ ಶಾಸ್ತ್ರದ ಮೇಲೆ ಬದಲಾಗದಿರಬೇಕಾದುದನ್ನು ನಿಲ್ಲಿಸಿದುದರಿಂದ ಹಾಗಾಯಿತು. ನಾಳೆ ಮೂಲನಿಯಮವೊಂದು ದೊರೆತು ಈ ಮಾನಗಳೆಲ್ಲವೂ ಅದರಿಂದಲೇ ಬರುತ್ತವೆಂದು ತಿಳಿದರೆ, ಇಂದು ಇವುಗಳನ್ನು ಶಿವನ ಸಾಕ್ಷಿಯೆಂದು ಸಾರಿದವರು ಭಕ್ತರಿಗೆ ಏನು ಹೇಳುವರು?

ಹೆಸರಿನಿಂದಲೂ ಭ್ರಾಂತಿ ಹುಟ್ಟಿದೆ. ಗ್ರೀಕ್ ಭಾಷೆಯಲ್ಲಿ "ಆಂಥ್ರೊಪೋಸ್" ಎಂದರೆ ಮನುಷ್ಯ. ಆದರೆ ವಾದದಲ್ಲಿ ಮನುಷ್ಯನೇ ಆಗಬೇಕೆಂಬುದಿಲ್ಲ. ನೋಡಿ ತಿಳಿಯಬಲ್ಲ ಯಾವ ಜೀವಿಯಾದರೂ ಸಾಕು. ಈ ಹೆಸರು ಇಷ್ಟು ಹರಡುವುದೆಂದು ಅರಿತಿದ್ದರೆ ಇನ್ನಷ್ಟು ಎಚ್ಚರದಿಂದ ಆರಿಸುತ್ತಿದ್ದೆನೆಂದು ಕಾರ್ಟರನೇ ತರುವಾಯ ಬರೆದಿದ್ದಾನೆ. ಕನ್ನಡದಲ್ಲಿ ಇದನ್ನು ಹೇಳುವಾಗ "ದ್ರಷ್ಟಾರನ ನಿಯಮ"ವೆಂದರೆ ಅರ್ಥವು ನೇರವಾಗಿ ತಿಳಿದೀತೆಂದು ನನ್ನ ಸೂಚನೆ.

ಹಾಗಾದರೆ ಭಕ್ತರಾದ ನಾವು ಇದರಿಂದ ಪಡೆಯತಕ್ಕುದೇನು? ನಮ್ಮ ದೇಹದ ಇಂಗಾಲವು ಯಾವುದೋ ನಕ್ಷತ್ರದ ಗರ್ಭದಲ್ಲಿ ಪಕ್ವವಾಗಿ, ಎಷ್ಟೋ ಕೋಟಿ ವರ್ಷಗಳ ಬಳಿಕ ಇಲ್ಲಿಗೆ ಬಂದುದೆಂಬುದು ಸಿದ್ಧವಾದ ಸಂಗತಿ. ಅದನ್ನು ಕೇಳಿ ವಿಸ್ಮಯಪಡುವುದಕ್ಕೆ ಯಾವ ತರ್ಕದ ಅಡ್ಡಿಯೂ ಇಲ್ಲ. ವಿಸ್ಮಯವನ್ನು ವಿಸ್ಮಯವೆಂದೇ ಹೇಳೋಣ. ಅದನ್ನು ಪ್ರಮಾಣವೆಂದು ಹೇಳುವುದು ಬೇಡ. ಭಕ್ತಿಯು ಅವರವರ ಆಚರಣೆಯಿಂದಲೂ ಅನುಭಾವದಿಂದಲೂ ಬಲಗೊಳ್ಳತಕ್ಕುದು. ದೂರದೇಶದ ವಿದ್ವಾಂಸನ ಒಪ್ಪಿಗೆಯ ಮುದ್ರೆ ಅದಕ್ಕೆ ಬೇಕಾಗಿಲ್ಲ. ಪ್ರವಚನ ಮಾಡುವ ಕಿರಿಯ ಮಿತ್ರರಲ್ಲಿ ನನ್ನ ವಿಶೇಷವಾದ ಬಿನ್ನಹವೇನೆಂದರೆ, ವಿಜ್ಞಾನದ ಮಾತನ್ನು ವೇದಿಕೆಗೆ ತರುವಾಗ, ವಿಜ್ಞಾನಿಗಳು ಯಾವುದನ್ನು ಅಳೆದಿದ್ದಾರೆ, ಯಾವುದನ್ನು ಊಹಿಸಿದ್ದಾರೆ, ಯಾವುದರಲ್ಲಿ ಇನ್ನೂ ವಿವಾದವಿದೆ ಎಂಬ ಮೂರನ್ನು ಬೇರ್ಪಡಿಸಿ ಹೇಳಿರಿ. ಹಾಗೆ ಹೇಳಿದರೆ ಕಾಲೇಜಿನಿಂದ ಬಂದ ತರುಣನೂ ನಮ್ಮ ಮಾತನ್ನು ನಂಬಿ ಕುಳಿತು ಕೇಳುವನು.